ಸಿಟ್ಟಿನ ಮೊಕಕ್ಕೆ ಎಷ್ಟು ಹೆಸರು

ನಮ್ಮ ಕೇರಿಯಲ್ಲಿ ಸಿಟ್ಟಿನ ಮೊಕಕ್ಕೆ ಇರುವಷ್ಟು ಮಾತು ಸಂತೋಷದ ಮೊಕಕ್ಕೆ ಇಲ್ಲ. ನಕ್ಕರೆ ನಕ್ಕ, ಬಹಳವೆಂದರೆ ಹಲ್ಲು ಕಿಸಿದ. ಅಲ್ಲಿಗೆ ಮುಗಿಯಿತು. ಸಿಟ್ಟಿಗೆ ಹಾಗಲ್ಲ. ಮೊಕ ಗಂಟಾಕ್ಕೊಂಡ, ಮೊಕ ಸಿಂಡ್ರಿಸ್ಕೊಂಡ, ಮೂತಿ ಊದಿಸ್ಕೊಂಡ, ಮೂತಿ ತಿರುವಿದ, ಹುಬ್ಬು ಗಂಟಿಕ್ಕಿದ, ಕಣ್ಣು ಕೆಂಪಗೆ ಮಾಡಿದ, ಕೆಕ್ಕರಿಸಿದ, ದುರುಗುಟ್ಟಿದ, ಗುರಾಯಿಸಿದ, ಹಲ್ಲು ಕಡಿದ, ಅವಡುಗಚ್ಚಿದ. ನಮ್ಮವ್ವ ಒಂದು ದಿನಕ್ಕೆ ಇವುಗಳಲ್ಲಿ ಅರ್ಧದಷ್ಟನ್ನಾದರೂ ಬಳಸುತ್ತಾಳೆ. ಅವಳಿಗೆ ಓದು ಬರುವುದಿಲ್ಲ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿದ್ದನ್ನು ನಾನು ಕೇಳಿಲ್ಲ.

ಯಾಕೆಂದರೆ ಇವು ಯಾವುವೂ ಒಂದೇ ಅಲ್ಲ. ಮೂತಿ ಊದಿಸಿಕೊಳ್ಳುವುದು ಮನೆಯೊಳಗಿನ ಸಿಟ್ಟು. ಗಂಡನ ಮೇಲೆ ಹೆಂಡತಿಗೆ, ಅಕ್ಕನ ಮೇಲೆ ತಂಗಿಗೆ ಬರುವಂಥದ್ದು. ಎರಡು ಸಲ ಉಣ್ಣಾಕೆ ಕರೆದರೆ ಇಳಿದುಹೋಗುತ್ತದೆ. ಸಿಂಡರಿಸುವುದರಲ್ಲಿ ಸಿಟ್ಟಿಗಿಂತ ಹೇಸಿಗೆ ಜಾಸ್ತಿ. ಹುಬ್ಬು ಗಂಟಿಕ್ಕುವುದರಲ್ಲಿ ಯೋಚನೆಯೂ ಸೇರಿದೆ. ರೇಷನ್ ಕಾರ್ಡು ಹಿಡಿದು ಲೆಕ್ಕ ತಾಳೆಯಾಗದೆ ನಿಂತ ಮುದುಕನೂ ಹುಬ್ಬು ಗಂಟಿಕ್ಕುತ್ತಾನೆ, ಅವನಿಗೆ ಯಾರ ಮೇಲೂ ಸಿಟ್ಟಿರುವುದಿಲ್ಲ. ಅವಡುಗಚ್ಚುವುದು ಬಾಯಿ ಬಿಡಲಾರದವನ ಸಿಟ್ಟು. ಕೆಕ್ಕರಿಸುವುದಕ್ಕೆ ಎದುರಿಗೆ ಒಬ್ಬ ಬೇಕು. ಗುರಾಯಿಸುವುದಕ್ಕೂ ಎದುರಿಗೆ ಒಬ್ಬ ಬೇಕು, ಜೊತೆಗೆ ಅವನು ನನಗಿಂತ ಮೇಲಿನವನೋ ಕೆಳಗಿನವನೋ ಎಂಬ ಲೆಕ್ಕವೂ ಬೇಕು. ಈ ಕೊನೆಯ ಮಾತಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದರಿಂದ ನಮ್ಮ ಮನೆಯ ಹುಡುಗನೊಬ್ಬನ ತಲೆಗೆ ಆರು ಹೊಲಿಗೆ ಬಿದ್ದಿದೆ.

ಮೊದಲು ಯಾರ ಮೊಕ ಎಂಬುದನ್ನು ನೋಡೋಣ. ಊರಿನ ಯಜಮಾನರಿಗೆ ಸಿಟ್ಟು 'ಬರುತ್ತದೆ'. ಮಳೆ ಬಂದ ಹಾಗೆ, ಮೈಮೇಲೆ ದೇವರು ಬಂದ ಹಾಗೆ. ಅದಕ್ಕೆ ಕಾರಣ ಕೇಳುವ ಹಾಗಿಲ್ಲ. ಹರಕೆ ಹೊತ್ತು, ಅಡ್ಡಬಿದ್ದು, ಶಾಂತಿ ಮಾಡಬೇಕು. "ಯಜಮಾನ್ರು ಕಣ್ಣು ಕೆಂಪಗ್ ಮಾಡವ್ರೆ" ಅಂತ ಒಬ್ಬ ಬಂದು ಹೇಳಿದರೆ ಸಾಕಿತ್ತು, ನಮ್ಮ ತಾತನ ಕಾಲದಲ್ಲಿ ಇಡೀ ಕೇರಿಯಲ್ಲಿ ಒಲೆ ಹತ್ತುತ್ತಿರಲಿಲ್ಲವಂತೆ. ಅದೇ ಸಿಟ್ಟು ನಮ್ಮವನ ಮೊಕದ ಮೇಲೆ ಕಂಡರೆ ಅದರ ಹೆಸರು ಸಿಟ್ಟಲ್ಲ, ಕೊಬ್ಬು. 'ಕೊಬ್ಬು ಬಂದೈತೆ', 'ತಿಂದಿದ್ದು ಹೆಚ್ಚಾಗೈತೆ', 'ಸೊಕ್ಕು'. ಹೊಟ್ಟೆಗಿಲ್ಲದವನ ಮೊಕದಲ್ಲಿ ಕೊಬ್ಬನ್ನು ಕಂಡುಹಿಡಿದ ಈ ನಾಡಿನ ವೈದ್ಯಶಾಸ್ತ್ರಕ್ಕೆ ಏನು ಹೇಳುವುದು! ಅವರದು ಮುಖ, ನಮ್ಮದು ಮೂತಿ, ಮುಸುಡಿ. ಮೂತಿ ಇರುವುದು ದನಕ್ಕೆ, ಹಂದಿಗೆ. ಸಿಟ್ಟು ಮಾಡಿಕೊಂಡ ಕೂಡಲೇ ನಮ್ಮ ಮೊಕ ಮನುಷ್ಯರದ್ದಾಗಿ ಉಳಿಯುವುದಿಲ್ಲ.

ಇದು ಬರೀ ಹಳ್ಳಿಯ ಬಾಯಿಮಾತು, ಶಾಸ್ತ್ರದಲ್ಲಿ ಹೀಗಿಲ್ಲ ಎಂದು ಪಂಡಿತರು ಹೇಳಿಯಾರು. ಶಾಸ್ತ್ರವನ್ನೂ ನೋಡಿದೆ. ಭರತನ ನಾಟ್ಯಶಾಸ್ತ್ರದಲ್ಲಿ ಕೋಪಕ್ಕೆ ಐದು ಬಗೆ: ಶತ್ರುವಿನ ಮೇಲಿನದು, ಗುರುವಿನ ಮೇಲಿನದು, ಪ್ರೀತಿಸಿದವರ ಮೇಲಿನದು, ಸೇವಕನ ಮೇಲಿನದು, ಸುಮ್ಮನೆ ನಟಿಸುವ ಹುಸಿಕೋಪ. ಶತ್ರುವಿನ ಮೇಲೆ ಹುಬ್ಬು ಗಂಟಿಕ್ಕಿ ತುಟಿ ಕಚ್ಚಬಹುದು. ಗುರುವಿನ ಮೇಲೆ ಕೋಪ ಬಂದರೆ ಕಣ್ಣು ಕೆಳಗೆ ಮಾಡಿ, ಬೆವರು ಒರೆಸಿಕೊಂಡು, ವಿನಯದಿಂದ ಕೋಪಿಸಿಕೊಳ್ಳಬೇಕು. ಸೇವಕನ ಮೇಲೆ ಕಣ್ಣರಳಿಸಿ ಗದರಿಸಬಹುದು. ಐದನ್ನೂ ಬೆರಳು ಮಡಿಚಿ ಎಣಿಸಿದೆ. ಸೇವಕನಿಗೆ ಒಡೆಯನ ಮೇಲೆ ಬರುವ ಕೋಪ ಆ ಲೆಕ್ಕದಲ್ಲಿ ಇಲ್ಲ. ಅಷ್ಟು ದೊಡ್ಡ ಗ್ರಂಥ. ಹುಬ್ಬಿನ ಚಲನೆಗೇ ಏಳು ಹೆಸರು ಕೊಟ್ಟವರು, ಕಣ್ಣಿನ ನೋಟಕ್ಕೆ ಮೂವತ್ತಾರು ಹೆಸರು ಕೊಟ್ಟವರು ಇದೊಂದನ್ನು ಮರೆತರು ಎಂದರೆ ನಂಬಲು ಕಷ್ಟ. ಅದೇ ಪುಸ್ತಕದಲ್ಲಿ ನಗುವನ್ನೂ ಉತ್ತಮರದು, ಮಧ್ಯಮರದು, ಅಧಮರದು ಎಂದು ಪಾಲು ಹಾಕಿದ್ದಾರೆ. ಉತ್ತಮರು ಹಲ್ಲು ಕಾಣದಂತೆ ಮುಗುಳ್ನಗಬೇಕು; ಅಧಮರು ಭುಜ ತಲೆ ಕುಲುಕಾಡುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಾರಂತೆ. ಪರವಾಗಿಲ್ಲ, ನಗುವುದಕ್ಕಾದರೂ ಬಿಟ್ಟರಲ್ಲ.

ನಾನು ಈ ಪದಗಳ ಹಿಂದೆ ಬೀಳಲು ಕಾರಣ ನಮ್ಮ ಚಿಕ್ಕಪ್ಪನ ಮಗಳು. ನರ್ಸಿಂಗ್ ಮುಗಿಸಿ, ಜರ್ಮನಿಯ ಆಸ್ಪತ್ರೆಗಳಲ್ಲಿ ಕೆಲಸ ಸಿಗುತ್ತದೆಂದು ಈಗ ಜರ್ಮನ್ ಕಲಿಯುತ್ತಿದ್ದಾಳೆ. ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬರುತ್ತಾ ದಾರಿಯುದ್ದಕ್ಕೂ ನೋಟ್‌ಬುಕ್ಕಿನಲ್ಲಿ ಪದ ಗಟ್ಟಿ ಮಾಡುತ್ತಾಳೆ. ರೋಗಿಯ ಮೊಕ ನೋಡಿ ನೋವೋ ಸಿಟ್ಟೋ ಭಯವೋ ಹೇಳಬೇಕಂತೆ, ಆದ್ದರಿಂದ ಮೊಕದ ಪದಗಳೇ ನಾಲ್ಕು ಪುಟ. ಒಂದು ದಿನ ನೋಟ್‌ಬುಕ್ ನನ್ನ ಮುಂದೆ ಹಿಡಿದು, "ಅಣ್ಣ, ನೀನು ಪದ್ಯ ಬರೆಯೋನಲ್ವಾ, ಇವಕ್ಕೆಲ್ಲ ಕನ್ನಡದಾಗೆ ಏನಂತಾರೆ ಯೋಳು" ಅಂದಳು. ಇಂಗ್ಲಿಷು ಒಂದು ಸಾಲು, ಜರ್ಮನ್ ಒಂದು ಸಾಲು, ಮೂರನೆಯ ಸಾಲು ಖಾಲಿ.

ಇಂಗ್ಲಿಷಿನಲ್ಲಿ ಫ್ರೌನ್, ಸ್ಕೌಲ್, ಗ್ಲೇರ್, ಗ್ಲವರ್, ಸ್ನೀರ್, ಪೌಟ್. ಸರ್ಕಾರಿ ಕಾಲೇಜಿನಲ್ಲಿ ಬಿ.ಎ. ಓದುವಾಗ ನನ್ನ ಹತ್ತಿರ ಇದ್ದ ಚಿಕ್ಕ ನಿಘಂಟಿನಲ್ಲಿ ಮೊದಲೆರಡಕ್ಕೂ ಒಂದೇ ಅರ್ಥ ಕೊಟ್ಟಿತ್ತು, 'ಹುಬ್ಬು ಗಂಟಿಕ್ಕು'. ಆದರೆ ಎರಡೂ ಒಂದೇ ಅಲ್ಲ. ಫ್ರೌನ್ ಮಾಡುವವನು ಯೋಚಿಸುತ್ತಿರಬಹುದು, ಸ್ಕೌಲ್ ಮಾಡುವವನಿಗೆ ನಿಮ್ಮನ್ನು ಕಂಡರೆ ಆಗುವುದಿಲ್ಲ. ಅವ್ವ ಆಗಿದ್ದರೆ ಮೊದಲನೆಯದಕ್ಕೆ ಹುಬ್ಬು ಗಂಟಿಕ್ಕಿದ ಎನ್ನುತ್ತಿದ್ದಳು, ಎರಡನೆಯದಕ್ಕೆ ಮೊಕ ಗಂಟಾಕ್ಕೊಂಡ ಎನ್ನುತ್ತಿದ್ದಳು. ನಿಘಂಟು ಮಾಡುವವರು ಕೇರಿಗೆ ಬಂದು ಕೇಳಬೇಕಿತ್ತು. ಇನ್ನೂ ಒಂದು ತಮಾಷೆ ಇದೆ. ಬ್ರಿಟಿಷರಿಗೆ ಫ್ರೌನ್ ಇರುವುದು ಹುಬ್ಬಿನಲ್ಲಿ. ಅಮೆರಿಕದವರು ಅದನ್ನು ಬಾಯಿಗೂ ಇಳಿಸಿದ್ದಾರೆ. ತುಟಿಯ ಮೂಲೆ ಕೆಳಗಾದರೆ ಅದೂ ಅವರಿಗೆ ಫ್ರೌನ್. ಗ್ಲೇರ್ ಎಂಬುದು ಮೊದಲು ಕಣ್ಣು ಕುಕ್ಕುವ ಬೆಳಕಿಗೆ ಇದ್ದ ಮಾತು, ಆಮೇಲೆ ಉರಿಗಣ್ಣಿಗೆ ಬಂತು.

ಜರ್ಮನ್ನರದು ಇನ್ನೊಂದು ದಾರಿ. ಎರಡು ಮಾತು ಕೂಡಿಸಿ ಒಂದು ಮಾಡುತ್ತಾರೆ. ಹಣೆಗೆ ಶ್ಟಿರ್ನ್, ಸುಕ್ಕು ಮಾಡುವುದಕ್ಕೆ ರುನ್ಸೆಲ್ನ್. ಎರಡೂ ಸೇರಿ ಶ್ಟಿರ್ನ್‌ರುನ್ಸೆಲ್ನ್, ಹಣೆ ಸುಕ್ಕಿಸುವುದು. ಮೂತಿ ಊದಿಸಿಕೊಳ್ಳುವುದಕ್ಕೆ ಶ್ಮೋಲೆನ್. ಕಿಡಿಗೆ ಅವರಲ್ಲಿ ಫುಂಕೆ, ಅದರಿಂದ ಅನ್‌ಫುಂಕೆಲ್ನ್, ಒಬ್ಬನ ಮೇಲೆ ಕಣ್ಣಲ್ಲೇ ಕಿಡಿ ಕಾರುವುದು. ನಮ್ಮ ಕಿಡಿಗಣ್ಣು ಅಲ್ಲೂ ಇದೆ ಎಂದು ತಂಗಿಗೆ ಹೇಳಿದೆ, ಅವಳಿಗೆ ಖುಷಿಯಾಯಿತು. ಬ್ಯೋಜೆರ್ ಬ್ಲಿಕ್ ಎಂದರೆ ಸಿಟ್ಟಿನ ನೋಟವೂ ಹೌದು, ಕೆಟ್ಟ ಕಣ್ಣೂ ಹೌದು. ನಾವು ದೃಷ್ಟಿ ಎನ್ನುತ್ತೇವಲ್ಲ, ಅದು. ಊರಲ್ಲಿ ಬೇಯಿಸಿದ್ದನ್ನು ನಮ್ಮ ಕಣ್ಣಿಗೆ ಬೀಳದಂತೆ ಸೆರಗು ಮುಚ್ಚಿ ಒಯ್ಯುತ್ತಿದ್ದುದನ್ನು ಅವ್ವ ಕಂಡಿದ್ದಾಳೆ. ಮುಟ್ಟಿದರೆ ಮೈಲಿಗೆ ಎಂಬುದು ಎಲ್ಲರಿಗೂ ಗೊತ್ತು. ನೋಡಿದರೂ ಮೈಲಿಗೆ ಎಂಬುದನ್ನು ಬರೆದವರು ಕಡಿಮೆ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ತ್ಸೋರ್ನೆಸ್‌ಫಾಲ್ಟೆ ಎಂಬ ಮಾತು. ತ್ಸೋರ್ನ್ ಎಂದರೆ ಸಿಟ್ಟು, ಫಾಲ್ಟೆ ಎಂದರೆ ನೆರಿಗೆ, ಸೀರೆಯ ನೆರಿಗೆಗೂ ಸಲ್ಲುವ ಮಾತು. ಎರಡು ಹುಬ್ಬಿನ ನಡುವೆ ಮೂಗಿನ ಮೇಲಕ್ಕೆ ನಿಲ್ಲುವ ಗೀರಿಗೆ ಅವರಿಟ್ಟ ಹೆಸರು 'ಸಿಟ್ಟಿನ ನೆರಿಗೆ'. ಕನ್ನಡ ಗಂಟು ಕಟ್ಟುತ್ತದೆ, ಜರ್ಮನ್ ನೆರಿಗೆ ಹಿಡಿಯುತ್ತದೆ. ಮಗ್ಗದ ಊರಿನವನಾದ ನನಗೆ ಎರಡೂ ಚೆನ್ನಾಗಿ ತಿಳಿಯುತ್ತದೆ. ನೆರಿಗೆಯನ್ನು ಬಿಡಿಸಿದರೆ ಬಟ್ಟೆ ಮತ್ತೆ ಬಟ್ಟೆ. ಗಂಟನ್ನು ಬಿಚ್ಚಲು ಉಗುರು ಬೇಕು, ಕೆಲವು ಸಲ ಹಲ್ಲೂ ಬೇಕು. ಈಗ ದುಡ್ಡಿದ್ದವರು ಈ ನೆರಿಗೆಯನ್ನು ಸೂಜಿ ಹಾಕಿಸಿ ತೆಗೆಸಿಕೊಳ್ಳುತ್ತಾರೆ. ಬೊಟಾಕ್ಸ್ ಎಂಬ ವಿಷವನ್ನು ಹುಬ್ಬಿನ ಸ್ನಾಯುವಿಗೆ ಚುಚ್ಚಿದರೆ ಅದು ಕೆಲವು ತಿಂಗಳು ಸೆಟೆಯುವುದಿಲ್ಲ, ಸಿಟ್ಟು ಬಂದರೂ ಹಣೆ ನುಣ್ಣಗಿರುತ್ತದೆ. 2002ರಲ್ಲಿ ಅಮೆರಿಕದ ಸರ್ಕಾರ ಇದಕ್ಕೆ ಒಪ್ಪಿಗೆ ಕೊಟ್ಟಿತು. ಸಿಟ್ಟು ಕಾಣದ ಮೊಕಕ್ಕೆ ಅಲ್ಲಿ ಸಾವಿರಗಟ್ಟಲೆ ಖರ್ಚು ಮಾಡುತ್ತಾರೆ. ನಮ್ಮ ಹಿರೀಕರಿಗೆ ಅದನ್ನು ಬಿಟ್ಟಿಯಾಗಿ ಮಾಡಿಕೊಟ್ಟಿದ್ದರು.

ಜರ್ಮನ್ನನೊಬ್ಬ ನಮ್ಮ ಪದಗಳನ್ನು ಇಂಗ್ಲಿಷಿಗೆ ಕೂಡಿಸಿದ ಕತೆ ಹೊಸದೇನಲ್ಲ. ಬಾಸೆಲ್ ಮಿಶನ್ನಿನ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಇಲ್ಲಿಗೆ ಬಂದವನು. ವರ್ಷಗಟ್ಟಲೆ ಗೇದು ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ. ಯೇಸುವಿನ ಮಾತು ಸಾರಲು ಬಂದವನು ನಮ್ಮ ಮಾತು ಕೇಳುತ್ತಾ ಕೂತ. ಅವನ ಉದ್ದೇಶವನ್ನು ಬೇಕಾದರೆ ಬೈಯಿರಿ, ಕಿವಿಯನ್ನು ಬೈಯಬೇಡಿ. ಕಾವ್ಯ, ಶಾಸನಗಳ ಜೊತೆಗೆ ಜನರ ಗಾದೆಗಳನ್ನೂ ಆಯ್ದು ಪದದ ಪಕ್ಕ ಕೂರಿಸಿದ. ಆಮೇಲೆ ನಮ್ಮವರೇ ಮಾಡಿದ ದೊಡ್ಡ ಕೆಲಸ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು, ಮುಗಿದದ್ದು 1995ರಲ್ಲಿ. ಅದು ಬಹುಮಟ್ಟಿಗೆ ನಿಂತಿರುವುದು ಶಾಸನ ಮತ್ತು ಗ್ರಂಥಗಳ ಪ್ರಯೋಗದ ಮೇಲೆ. ಅಂದರೆ ಒಬ್ಬ ಕವಿ ಕೆಕ್ಕರಿಸಿ ಬರೆದಿದ್ದರೆ ಆ ಪದಕ್ಕೆ ಸಾಕ್ಷಿ ಉಂಟು. ನಮ್ಮವ್ವ ಕೆಕ್ಕರಿಸಿದ್ದಕ್ಕೆ ಸಾಕ್ಷಿ ನಾನೊಬ್ಬನೇ.

ಡಾರ್ವಿನ್ನನ ಹೆಸರನ್ನು ಕೋತಿಯಿಂದ ಮನುಷ್ಯನಾದ ಎಂಬ ಪಾಠಕ್ಕೆ ಮಾತ್ರ ಕೇಳಿದ್ದೆ. ಅವನು 1872ರಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಮೊಕಭಾವದ ಮೇಲೆ ಒಂದು ಪುಸ್ತಕ ಬರೆದಿದ್ದಾನೆ. ಎಲ್ಲ ದೇಶದ ಜನರಿಗೂ ಸಿಟ್ಟು ಒಂದೇ ರೀತಿ ಮೊಕದ ಮೇಲೆ ಕಾಣುತ್ತದೆಯೇ ಎಂದು ತಿಳಿಯಲು 1867ರಲ್ಲಿ ಪ್ರಶ್ನೆಗಳ ಪಟ್ಟಿ ಮಾಡಿ ದೇಶದೇಶದ ಪಾದ್ರಿಗಳಿಗೆ, ಅಧಿಕಾರಿಗಳಿಗೆ ಕಳಿಸಿದ. ಇಂಡಿಯಾದಿಂದ ಉತ್ತರ ಬರೆದವರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದಲ್ಲಿದ್ದ ಸ್ಕಾಟ್ ಎಂಬವನೂ ಒಬ್ಬ. ಹುಬ್ಬು ಗಂಟಾಗುವುದು ಯೋಚನೆಯಲ್ಲೋ ಕೆಲಸದಲ್ಲೋ ತೊಡಕು ಎದುರಾದಾಗ ಎಂದು ಡಾರ್ವಿನ್ ಹೇಳುತ್ತಾನೆ. ಆ ಮಟ್ಟಿಗೆ ಅವನೂ ಅವ್ವನೂ ಒಂದೇ ಪಾರ್ಟಿ. ಆದರೆ ಅವನ ಪಟ್ಟಿಯ ಒಂದು ಪ್ರಶ್ನೆ ಓದಿ ನಾನು ಪುಸ್ತಕ ಕೆಳಗಿಟ್ಟೆ. ಅವಮಾನದಿಂದ ಕೆರಳಿ ಎದುರು ನಿಂತ ಮನುಷ್ಯ ಹುಬ್ಬು ಗಂಟಿಕ್ಕಿ, ಮೈ ತಲೆ ನೆಟ್ಟಗೆ ಮಾಡಿ, ಭುಜ ಸೆಟೆಸಿ, ಮುಷ್ಟಿ ಬಿಗಿಯುತ್ತಾನೆಯೇ ಎಂಬುದು ಆ ಪ್ರಶ್ನೆ. 1867ರಲ್ಲಿ ಈ ಪಟ್ಟಿ ಹಿಡಿದು ಯಾರಾದರೂ ನಮ್ಮ ಊರಿಗೆ ಬಂದಿದ್ದರೆ, ಕೇರಿಯ ಯಾವನೂ ತಲೆ ನೆಟ್ಟಗೆ ಮಾಡಿದ್ದು ಕಾಣುತ್ತಿರಲಿಲ್ಲ. 'ಈ ಜಾತಿಯವರಿಗೆ ಸಿಟ್ಟು ಬರುವುದಿಲ್ಲ' ಎಂದು ಬರೆದುಕೊಂಡು ಹೋಗುತ್ತಿದ್ದರು.

ನೂರು ವರ್ಷದ ಮೇಲೆ ಅಮೆರಿಕದ ಪಾಲ್ ಎಕ್ಮನ್ ಪಾಪುವಾ ನ್ಯೂಗಿನಿಯ ಫೋರೆ ಜನರಿಗೆ ಮೊಕದ ಚಿತ್ರಗಳನ್ನು ತೋರಿಸಿ, ಸಿಟ್ಟಿನ ಮೊಕ ಅವರಿಗೂ ನಮಗೂ ಒಂದೇ ಎಂದ. ಅವನದೇ ಇನ್ನೊಂದು ಪರೀಕ್ಷೆ ಇದೆ. ಜಪಾನಿನ ವಿದ್ಯಾರ್ಥಿಗಳು ಒಬ್ಬರೇ ಕೂತು ಕೆಟ್ಟ ದೃಶ್ಯಗಳ ಸಿನಿಮಾ ನೋಡುವಾಗ ಮೊಕ ಕಿವುಚುತ್ತಾರೆ. ಪಕ್ಕದಲ್ಲಿ ಒಬ್ಬ ಮೇಲಿನವನು ಬಂದು ಕೂತರೆ ನಗುಮೊಕ ಮಾಡಿಕೊಳ್ಳುತ್ತಾರೆ. ಇದನ್ನು ಕಂಡುಹಿಡಿಯಲು ಕ್ಯಾಮರಾ ಬೇಕಾಯಿತು. ನಮ್ಮಪ್ಪ ಯಜಮಾನರ ಜಗಲಿಯ ಕೆಳಗೆ ನಿಂತು "ಆಯ್ತು ಬುದ್ದಿ" ಎನ್ನುವಾಗಿನ ನಗುವನ್ನು ನಾನು ಏಳು ವರ್ಷದವನಿದ್ದಾಗಲೇ ನೋಡಿದ್ದೆ. ಅಪ್ಪನ ಮೊಕದ ಮೇಲೆ ಸಿಟ್ಟನ್ನು ನಾನು ಕಂಡದ್ದು ತಮಟೆ ಬಡಿಯುವಾಗ ಮಾತ್ರ. ಹುಲ್ಲು ಉರಿಯಲ್ಲಿ ತಮಟೆ ಕಾಯಿಸಿ ಹೆಗಲಿಗೆ ಹಾಕಿಕೊಂಡರೆ ಅವನ ಹುಬ್ಬು ಕೂಡುತ್ತಿತ್ತು, ದವಡೆ ಬಿಗಿಯುತ್ತಿತ್ತು. ಊರವರು ಅದನ್ನು ಭಕ್ತಿ ಅಂದುಕೊಳ್ಳುತ್ತಿದ್ದರು.

ಈಗ ಗುರಾಯಿಸಿದ ವಿಷಯ. ಕನ್ನಡ ಪತ್ರಿಕೆಗಳ ಅಪರಾಧ ಪುಟ ಓದುವವರಿಗೆ ಈ ಮಾತು ಗೊತ್ತು. 'ಗುರಾಯಿಸಿದ್ದಕ್ಕೆ ಹಲ್ಲೆ', 'ಗುರಾಯಿಸಿದ್ದಕ್ಕೆ ಚಾಕು ಇರಿತ'. ಬೆಂಗಳೂರಿನ ಗಲ್ಲಿಗಳಲ್ಲಿ, ಬಾರುಗಳ ಮುಂದೆ, ಬರಿಯ ನೋಟಕ್ಕೆ ಹೆಣ ಬಿದ್ದಿವೆ. ಹಳ್ಳಿಯಲ್ಲಿ ಈ ಮಾತಿಗೆ ಜಾತಿ ಸೇರುತ್ತದೆ.

ನಮ್ಮ ದೊಡ್ಡಪ್ಪನ ಮಗ ನನಗಿಂತ ಚಿಕ್ಕವನು. ಐ.ಟಿ.ಐ. ಮಾಡಿ ಕಾರ್ಖಾನೆಯೊಂದರಲ್ಲಿ ಕಂಟ್ರಾಕ್ಟಿನ ಮೇಲೆ ದುಡಿಯುತ್ತಾನೆ. ಎರಡು ವರ್ಷದ ಹಿಂದೆ ಒಂದು ರಾತ್ರಿ ಸೆಕೆಂಡ್ ಶಿಫ್ಟ್ ಮುಗಿಸಿ ಬೈಕಿನಲ್ಲಿ ಬರುವಾಗ, ಊರ ಮುಂದಿನ ಅರಳಿಕಟ್ಟೆಯ ಮೇಲೆ ಕೂತಿದ್ದ ನಾಲ್ಕು ಹುಡುಗರ ಮೇಲೆ ಹೆಡ್‌ಲೈಟಿನ ಬೆಳಕು ಬಿತ್ತು. ಅವರು ಯಾರೆಂದು ಇವನು ನೋಡಿದ. ಅಷ್ಟೇ. "ಏನ್ಲಾ, ನಮ್ಮುನ್ನೇ ಗುರಾಯಿಸ್ತೀಯಾ? ಕಣ್ಣು ಮ್ಯಾಕ್ ಬಂದವಾ?" ಎಂದು ಕೇಳಿ, ಜಾತಿ ಹಿಡಿದು ಬೈದು, ಬೈಕಿನಿಂದ ಕೆಡವಿ ಹೊಡೆದರು. ಇಂಗ್ಲಿಷಿನವರು ಹೆಡ್‌ಲೈಟಿನ ಬೆಳಕಿಗೂ ಉರಿಗಣ್ಣಿಗೂ ಗ್ಲೇರ್ ಎಂಬ ಒಂದೇ ಮಾತು ಇಟ್ಟುಕೊಂಡಿರುವುದು ನನಗೆ ನೆನಪಾದದ್ದು ಆಸ್ಪತ್ರೆಯಲ್ಲಿ ಅವನ ತಲೆ ಹೊಲಿಯುವುದನ್ನು ನೋಡುತ್ತಾ ನಿಂತಾಗ. ಕವಿಗಳ ತಲೆ ಹೀಗೆ, ಹೊತ್ತು ಗೊತ್ತು ಇಲ್ಲ.

ಬೆಳಿಗ್ಗೆ ಠಾಣೆಗೆ ಹೋದೆವು. ಯಾವ ಠಾಣೆ ಎಂಬುದು ಇಲ್ಲಿ ಬೇಡ. ಮನೆಯಲ್ಲಿ ಓದಿದವನು ನಾನೊಬ್ಬನೇ ಆದ್ದರಿಂದ ದೊಡ್ಡಪ್ಪ ನನ್ನನ್ನು ಮುಂದೆ ಬಿಟ್ಟು ಹಿಂದೆ ನಿಂತ. ಸ್ಟೇಷನ್ ರೈಟರ್ ತಮ್ಮ ಹೇಳಿದ್ದನ್ನೆಲ್ಲ ಕೇಳಿ ಸರಸರನೆ ಬರೆದು ನಮ್ಮ ಮುಂದೆ ತಳ್ಳಿದರು. ಓದಿದೆ. ಮೂರನೆಯ ಸಾಲಿನಲ್ಲಿ 'ನಾನು ಅವರನ್ನು ಗುರಾಯಿಸಿದ್ದಕ್ಕೆ' ಎಂದಿತ್ತು.

"ಸಾರ್, ಅವನು ಗುರಾಯಿಸಿಲ್ಲ. ನೋಡಿದ ಅಷ್ಟೆ."

"ಎರಡೂ ಒಂದೇ ಅಲ್ವೇನಪ್ಪಾ?"

"ಒಂದೇ ಅಲ್ಲ ಸಾರ್. ಗುರಾಯಿಸಿದ ಅಂದ್ರೆ ಜಗಳ ಇವನೇ ತೆಗೆದ ಅಂತ ಆಗ್ತದೆ."

"ಅವ್ರು ಅಂಗಂತಲೇ ತಾನೆ ಹೊಡೆದಿದ್ದು? ನಿನ್ ತಮ್ಮನೇ ಯೋಳ್ದ."

"ಅವರು ಅಂಗಂದ್ರು ಅಂತ ಬರೀರಿ. ಇವನು ಅಂಗ್ ಮಾಡ್ದ ಅಂತ ಬರೀಬ್ಯಾಡಿ."

ಅವರು ನನ್ನನ್ನು ಒಂದು ಸಲ ನೋಡಿದರು. ಆ ನೋಟಕ್ಕೆ ಯಾವ ಪದ ಸರಿ ಎಂದು ಈಗಲೂ ಯೋಚಿಸುತ್ತೇನೆ. ಆಮೇಲೆ "ಕನ್ನಡ ಎಮ್ಮೆಯಾ?" ಎಂದು ಕೇಳಿದರು. ಎಂ.ಎ. ಅಂದದ್ದೋ ಎಮ್ಮೆ ಅಂದದ್ದೋ, ಪಕ್ಕದಲ್ಲಿದ್ದ ಪೇದೆ ನಕ್ಕ. ನಾನು ನಗಲಿಲ್ಲ, ಮೂತಿಯನ್ನೂ ತಿರುವಲಿಲ್ಲ. ತಮ್ಮ ಸಹಿ ಹಾಕುವುದಿಲ್ಲವೆಂದು ಬೆಂಚಿನ ಮೇಲೆ ಕೂತ. ತಲೆಯ ಬ್ಯಾಂಡೇಜು ಒದ್ದೆಯಾಗಿತ್ತು. ಒಂದೂವರೆ ಗಂಟೆ ಹೋಯಿತು. ಕೊನೆಗೆ ಇನ್ನೊಂದು ಹಾಳೆ ಬಂತು, 'ನೋಡಿದ್ದಕ್ಕೆ' ಎಂದಿತ್ತು. ನಾಲ್ಕು ಅಕ್ಷರ. ನಾನು ಈವರೆಗೆ ಬರೆದ ಯಾವ ಪದ್ಯದಲ್ಲೂ ಒಂದು ಪದಕ್ಕೆ ಅಷ್ಟು ಹೊತ್ತು ಕಾದಿಲ್ಲ.

ಸಂಜೆಗೆ ಅವರ ಕಡೆಯಿಂದ ಕೌಂಟರ್ ಕೇಸು ಬಿತ್ತು. ಅದರಲ್ಲಿ ನಮ್ಮ ತಮ್ಮ 'ದುರುಗುಟ್ಟಿ ನೋಡಿ, ಅವಾಚ್ಯ ಶಬ್ದಗಳಿಂದ ನಿಂದಿಸಿ, ಪ್ರಾಣ ಬೆದರಿಕೆ ಹಾಕಿ' ಇತ್ಯಾದಿ ಮಾಡಿದ್ದ. ನಾಲ್ಕು ಜನರ ಮುಂದೆ ಒಬ್ಬನೇ, ಬೈಕಿನ ಕೆಳಗೆ ಬಿದ್ದುಕೊಂಡು.

1989ರ ದೌರ್ಜನ್ಯ ತಡೆ ಕಾಯ್ದೆ ನಮ್ಮ ಕೈಯಲ್ಲಿರುವ ಗಟ್ಟಿ ಆಯುಧ, ಅದನ್ನು 2015ರಲ್ಲಿ ತಿದ್ದಿ ಇನ್ನಷ್ಟು ಗಟ್ಟಿ ಮಾಡಿದ್ದಾರೆ. ಜಾತಿಯ ಅವಮಾನ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು ಎಂಬುದು ಅದರ ಒಂದು ಕಲಮಿನ ಮಾತು. ಈ ಕಾಯ್ದೆಯ ಕೇಸನ್ನು ಡಿವೈಎಸ್‌ಪಿ ದರ್ಜೆಯವರೇ ತನಿಖೆ ಮಾಡಬೇಕು. ಬಂದರು, ಕೇಳಿದರು: ಯಾವ ಪದ ಬಳಸಿ ಬೈದರು, ಯಾರು ಕೇಳಿದರು, ಯಾರು ನೋಡಿದರು? ರಾತ್ರಿ ಹನ್ನೊಂದೂವರೆಯಲ್ಲಿ ಅರಳಿಕಟ್ಟೆಯ ಹತ್ತಿರ ಸಾರ್ವಜನಿಕರು ಎಲ್ಲಿಂದ ಬರಬೇಕು? ಎದುರು ಮನೆಯ ಕಿಟಕಿ ತೆರೆದಿತ್ತು, ಕೇಳಿದರೆ ಮಲಗಿದ್ದೆವು ಎಂದರು. ನಾವು ಟೀ ಕುಡಿಯಲು ಹೋದರೆ ಅಂಗಡಿಯವನು ಮೊಕ ಗಂಟಿಕ್ಕಿಕೊಂಡೇ ಕೊಡುತ್ತಾನೆ. ಆ ಗಂಟಿಗೆ ಕಲಮು ಇಲ್ಲ. ನಾವು ಕೇಳುತ್ತಲೂ ಇಲ್ಲ.

ಕೋರ್ಟಿನಲ್ಲಿ ಹಾಸ್ಟೈಲ್ ಎಂಬ ಇನ್ನೊಂದು ಇಂಗ್ಲಿಷ್ ಮಾತು ಕಲಿತೆ. ಹಗೆ ತುಂಬಿದವನು ಎಂದು ಅದರ ಅರ್ಥ. ಮೊದಲು ಆರೋಪಿಯ ವಿರುದ್ಧ ಹೇಳಿಕೆ ಕೊಟ್ಟು, ಆಮೇಲೆ ನಾನೇನೂ ನೋಡಿಲ್ಲ ಎನ್ನುವ ಸಾಕ್ಷಿಗೆ ಹಾಸ್ಟೈಲ್ ಆದ ಎನ್ನುತ್ತಾರೆ. ವಿಚಿತ್ರ ನೋಡಿ, ಸಿಟ್ಟನ್ನೆಲ್ಲ ಕಳೆದುಕೊಂಡು, ಹೆದರಿಯೋ ದಣಿದೋ ತಣ್ಣಗಾದವನಿಗೆ ಕಾನೂನು ಹಗೆ ತುಂಬಿದವನ ಹೆಸರಿಟ್ಟಿದೆ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಸುಟ್ಟರು. ಆಗ ಅದು ಕೋಲಾರ ಜಿಲ್ಲೆ, ನಮ್ಮ ತಾಲ್ಲೂಕುಗಳಿಗೆ ದೂರವಲ್ಲ. ಸಾಕ್ಷಿಗಳು ಒಬ್ಬೊಬ್ಬರಾಗ ಹಾಸ್ಟೈಲ್ ಆದರು. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ನಿಜ, ಸುಟ್ಟವರು ಯಾರೂ ಇಲ್ಲ.

ಇದನ್ನೆಲ್ಲ ನೋಡಿಯೂ ದಲಿತ ಕವಿಗಳು ಯಾವಾಗಲೂ ಸಿಟ್ಟು ಸಿಟ್ಟು ಎನ್ನುತ್ತಾರೆ ಎಂದು ದೂರುವವರಿದ್ದಾರೆ. 1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದರು. ಒಂದು ಮಾತು. ಅದಕ್ಕೆ ರಾಜ್ಯವೇ ಕಣ್ಣು ಕೆಂಪಗೆ ಮಾಡಿತು, ಹಾಸ್ಟೆಲಿನ ನಮ್ಮ ಹುಡುಗರ ಮೇಲೆ ಕೈ ಮಾಡಿತು, ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಆ ಸಿಟ್ಟನ್ನು ಭಾಷಾಭಿಮಾನ ಎಂದು ಕರೆದರು. ನಮ್ಮದನ್ನು ಆಕ್ರೋಶ ಎಂದು ವಿಮರ್ಶೆಯಲ್ಲಿ ಒಂದು ಖಾನೆ ಮಾಡಿ ಇಟ್ಟರು. ಈಗ ಕವಿಗೋಷ್ಠಿಗೆ ಕರೆಯುವವರು ಫೋನಿನಲ್ಲೇ ಹೇಳುತ್ತಾರೆ, "ನಿಮ್ದು ಒಂದು ಸ್ವಲ್ಪ ಸಿಟ್ಟಿನ ಪದ್ಯ ಇರ್ಲಿ." ಮದುವೆ ಮನೆಯಲ್ಲಿ ಉಪ್ಪಿನಕಾಯಿ ಇದ್ದ ಹಾಗೆ, ಎಲೆಯ ಮೂಲೆಯಲ್ಲಿ ಒಂದಿಷ್ಟು. ನಾನು ಒಂದು ಸಲ ಬೇಕೆಂದೇ ನಮ್ಮವ್ವನ ಎಮ್ಮೆಯ ಮೇಲಿನ ಪದ್ಯ ಓದಿದೆ. ಅಧ್ಯಕ್ಷರು ಸಮಾರೋಪದಲ್ಲಿ ಅದರ ಆಕ್ರೋಶವನ್ನು ಬಹಳ ಮೆಚ್ಚಿಕೊಂಡರು.

ನಮ್ಮ ದೊಡ್ಡಬಳ್ಳಾಪುರದವರೇ ಆದ ಡಿ.ಆರ್. ನಾಗರಾಜ ಈ ಖಾನೆಯ ತೊಂದರೆಯನ್ನು ಬಹಳ ಮುಂಚೆಯೇ ಕಂಡವರು. ಸಿದ್ಧಲಿಂಗಯ್ಯನವರ ಕುರಿತು ಬರೆಯುತ್ತಾ ರಾಜಕೀಯ ರೊಚ್ಚಿನಿಂದ ನಮ್ಮ ಸಂಸ್ಕೃತಿಯ ಹೆಮ್ಮೆಯ ಕಡೆಗೆ ಆದ ನಡಿಗೆಯನ್ನು ಅವರು ಗುರುತಿಸಿದರು. 1975ರ 'ಹೊಲೆಮಾದಿಗರ ಹಾಡು' ಬರೆದ ಅದೇ ಸಿದ್ಧಲಿಂಗಯ್ಯ 'ಊರುಕೇರಿ'ಯಲ್ಲಿ, ತಮ್ಮ ತಂದೆಯ ಹೆಗಲಿಗೆ ಎತ್ತಿನ ಬದಲು ನೊಗ ಕಟ್ಟಿ ಉಳುತ್ತಿದ್ದುದನ್ನು ಹುಡುಗನ ಬೆರಗಿನ ಕಣ್ಣಿನಲ್ಲಿ ಹೇಳುತ್ತಾರೆ. ಪುಸ್ತಕದ ತುಂಬ ನಗು. ಕೆಲವು ಗೆಳೆಯರಿಗೆ ಆ ನಗು ಹಿಡಿಸುವುದಿಲ್ಲ. ನನಗೆ ಹಿಡಿಸುತ್ತದೆ. ಆದರೆ ಒಂದು ತಕರಾರು. ರೊಚ್ಚಿನಿಂದ ಆಚೆಗೆ ನಡೆಯಬೇಕೆಂದರೆ ಮೊದಲು ರೊಚ್ಚನ್ನು ಮೊಕದ ಮೇಲೆ ತಂದುಕೊಳ್ಳಲು ಬಿಟ್ಟಿರಬೇಕು. ನಾಗರಾಜರ ಕಾಲದ ಕವಿಗಳಿಗೆ ಮೆರವಣಿಗೆಯಲ್ಲಿ, ವೇದಿಕೆಯಲ್ಲಿ ಅದು ದಕ್ಕಿತ್ತು. ಅರಳಿಕಟ್ಟೆಯ ಮುಂದೆ ಬೈಕಿನಲ್ಲಿ ಹೋಗುವ ನಮ್ಮ ತಮ್ಮನಿಗೆ ಇನ್ನೂ ದಕ್ಕಿಲ್ಲ.

ದಕ್ಕಿದ್ದನ್ನು ನಾನು ಕಣ್ಣಾರೆ ಕಂಡದ್ದು ದೇವನಹಳ್ಳಿಯ ಕಡೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ಕೈಗಾರಿಕೆಗೆಂದು ಸರ್ಕಾರ ಹಿಡಿಯಹೊರಟಾಗ, 2022ರಿಂದ ಮೂರು ವರ್ಷಕ್ಕೂ ಮೇಲೆ ಜನ ಧರಣಿ ಕೂತರು. ತುಂಡು ಭೂಮಿಯ ನಮ್ಮವರೂ ಅದರಲ್ಲಿದ್ದರು. ಒಂದು ದಿನ ಹೋಗಿ ಕೂತಿದ್ದೆ. ಟೆಂಟಿನ ಮುಂದಿನ ಸಾಲಿನಲ್ಲಿ ಅವ್ವನ ವಯಸ್ಸಿನ ಹೆಂಗಸರು, ಪೊಲೀಸರಿಗೆ ಎದುರಾಗಿ. ಯಾರೂ ಕೂಗುತ್ತಿರಲಿಲ್ಲ. ಒಬ್ಬಾಕೆ ಎಲೆ ಅಡಿಕೆ ಮೆಲ್ಲುತ್ತಾ ಎದುರಿನ ಅಧಿಕಾರಿಯ ಮೊಕವನ್ನು ನೆಟ್ಟಗೆ ನೋಡುತ್ತಿದ್ದಳು, ರೆಪ್ಪೆ ಬಡಿಯದೆ. ಅವಳ ಹುಬ್ಬಿನಲ್ಲಿ ಗಂಟಿರಲಿಲ್ಲ, ಕಣ್ಣು ಕೆಂಪಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಅಧಿಕಾರಿ ಮೊಬೈಲ್ ತೆಗೆದು ತಲೆ ತಗ್ಗಿಸಿದ. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನ ಕೈಬಿಟ್ಟಿತು. ತಂಗಿಯ ನೋಟ್‌ಬುಕ್ಕಿನಲ್ಲಿ ಆ ಮೊಕಕ್ಕೆ ಇಂಗ್ಲಿಷೂ ಇರಲಿಲ್ಲ, ಜರ್ಮನ್ನೂ ಇರಲಿಲ್ಲ. ಅವ್ವನನ್ನು ಕೇಳಿದೆ. "ಅದ್ಕೇನ್ ಎಸ್ರು ಮಗಾ? ಅದು ಮೊಕ" ಅಂದಳು.

ತಮ್ಮನ ಕೇಸು ಈಗ ಸಾಕ್ಷಿಗೆ ಬಂದಿದೆ. ಅರಳಿಕಟ್ಟೆ ಹುಡುಗರ ಕಡೆಯವರು ರಾಜಿಗೆ ಎರಡು ಸಲ ಬಂದು ಹೋದರು. ದೊಡ್ಡಪ್ಪ ಅವರ ಮುಂದೆ ಎಂದಿನ ನಗುಮೊಕದಲ್ಲೇ ಕೂತು, ಆಗಲ್ಲ ಎಂದ. ಸಾಕ್ಷಿಕಟ್ಟೆಯಲ್ಲಿ ನಿಂತಾಗ ಏನು ಮಾಡಬೇಕೆಂದು ವಕೀಲರು ಮೊನ್ನೆ ತಮ್ಮನಿಗೆ ಹೇಳಿಕೊಟ್ಟರು. ಆರೋಪಿಗಳು ಎದುರಿಗೆ ನಿಂತಿರುತ್ತಾರೆ. ನಿನ್ನನ್ನು ಹೊಡೆದವರು ಇಲ್ಲಿದ್ದಾರೆಯೇ ಎಂದು ಕೇಳುತ್ತಾರೆ. ಆಗ ನೆಲ ನೋಡಬಾರದು. ಒಬ್ಬೊಬ್ಬರನ್ನೂ ನೋಡಿ, ಇವನು, ಇವನು ಎಂದು ಕೈ ತೋರಿಸಬೇಕು. "ಎಷ್ಟೊತ್ತು ನೋಡ್ಬೇಕು ಸಾರ್?" ಎಂದು ತಮ್ಮ ಕೇಳಿದ. ಗುರುತು ಸಿಗುವಷ್ಟು ಹೊತ್ತು ಎಂದರು. ಮನೆಗೆ ಬಂದ ಮೇಲೆ ತಂಗಿ ನೋಟ್‌ಬುಕ್ ಮಡಿಸಿಟ್ಟು ಅವನ ಎದುರು ಕೂತಳು, ಅವಳ ಪಕ್ಕದಲ್ಲಿ ನಾನು ಕೂತೆ. ಮೊದಲ ಸಲ ನಮ್ಮನ್ನು ನೋಡಲೂ ಅವನಿಗೆ ಆಗಲಿಲ್ಲ, ನಗು ಬಂತು. ಎರಡನೆಯ ಸಲ ನಾಲ್ಕು ಎಣಿಸುವಷ್ಟು ಹೊತ್ತು ನೋಡಿದ. ತಾರೀಖು ಮುಂದಿನ ತಿಂಗಳು ಹದಿನಾಲ್ಕಕ್ಕೆ ಇದೆ.